ಕಾಲುವೆಗೆ ಒಂದೇ ಸಾಲು ಸಾಲದು

ನಮಸ್ಕಾರ.

ಇಂಗ್ಲಿಷಿನ 'ಅಬ್‌ಸ್ಟ್ರಕ್ಟ್' (obstruct) ಮತ್ತು 'ಇಂಪೀಡ್' (impede) ಪದಗಳ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೂರು ಪುಟದಲ್ಲಿ ಎರಡು ಪುಟ ನಿಘಂಟಿನ ಅರ್ಥಗಳೇ. ಅದು ಬೇಕಾದವರು ನಿಘಂಟನ್ನೇ ತೆಗೆದು ನೋಡುತ್ತಾರೆ, ಅಲ್ವಾ?

ಒಂದು ತಪ್ಪೂ ಇದೆ. ಪೂರ್ತಿ ತಡೆದರೆ ಅಬ್‌ಸ್ಟ್ರಕ್ಟ್, ಅರ್ಧ ತಡೆದರೆ ಇಂಪೀಡ್ ಎಂದಿದ್ದೀರಿ. ಹಾಗಿಲ್ಲ. ಅರ್ಧ ರಸ್ತೆಗೆ ಬಿದ್ದ ಮರವೂ ಅಬ್‌ಸ್ಟ್ರಕ್ಟ್ ಮಾಡುತ್ತದೆ. ಕ್ರಿಕೆಟ್ಟಿನ 37ನೇ ನಿಯಮ ನೋಡಿ. ಬ್ಯಾಟ್ಸ್‌ಮನ್ ಬೇಕಂತಲೇ ಫೀಲ್ಡರ್‌ಗೆ ಅಡ್ಡಿ ಮಾಡಲು ಹೊರಟರೆ ಸಾಕು, 'ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್' ಎಂದು ಔಟ್. 1989ರಲ್ಲಿ ಅಹಮದಾಬಾದಿನಲ್ಲಿ ಮೊಹಿಂದರ್ ಅಮರನಾಥ್ ಹೀಗೇ ಔಟಾದರು.

ವ್ಯತ್ಯಾಸ ಬೇರೆ ಕಡೆ ಇದೆ. ಎರಡೂ ಲ್ಯಾಟಿನ್‌ನಿಂದ ಬಂದ ಪದಗಳು. ಅಬ್‌ಸ್ಟ್ರಕ್ಟ್ ಒಳಗೆ 'ಕಟ್ಟು' ಎಂಬ ಅರ್ಥವಿದೆ, ಎದುರಿಗೆ ಏನೋ ಕಟ್ಟಿ ನಿಲ್ಲಿಸಿದ ಹಾಗೆ. ಇಂಪೀಡ್ ಒಳಗಿರುವುದು ಪಾದ, ಕಾಲಿಗೆ ತೊಡರು ಹಾಕಿದ ಹಾಗೆ. ಅಂದರೆ ಮೊದಲನೆಯದು ಅಡ್ಡ ನಿಂತಿದ್ದನ್ನು ತೋರಿಸುತ್ತದೆ. ಎರಡನೆಯದು ನಡೆಯುವವನ ಕಷ್ಟವನ್ನು. ಕಿಟಕಿಯ ನೋಟಕ್ಕೆ ಮರ ಅಡ್ಡ ಬಂದರೆ ಇಂಗ್ಲಿಷಿನವರು ಇಂಪೀಡ್ ಎನ್ನುವುದು ಅಪರೂಪ. ನೋಟಕ್ಕೆ ಕಾಲಿಲ್ಲವಲ್ಲ! ಮಾತು ತೊದಲುವುದನ್ನು 'ಇಂಪೆಡಿಮೆಂಟ್' ಎನ್ನುತ್ತಾರೆ. ಅಲ್ಲಿ ಮಾತು ಸಾಗುತ್ತದೆ, ಆದರೆ ಕಷ್ಟಪಟ್ಟು. ಕರುಳಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಡಾಕ್ಟರು ಬರೆಯುವುದು 'ಅಬ್‌ಸ್ಟ್ರಕ್ಷನ್'. ನಮ್ಮಲ್ಲೂ ಅಡ್ಡಿ ಬೇರೆ, ತೊಡಕು ಬೇರೆ. ನೀವು ಎರಡಕ್ಕೂ 'ಅಡಚಣೆ' ಎಂದೇ ಬರೆದು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ತುಂಬಾ ಬೇಜಾರಾಗಿದ್ದು ಅಲ್ಲೇ.

ಕೊನೆಯ ಪುಟದಲ್ಲಿ ಒಂದು ಸಾಲಿದೆ: 'ನಮ್ಮೂರ ಕೆರೆಯ ರಾಜಕಾಲುವೆಯಲ್ಲಿ ಜಾಲಿ ಬೆಳೆದಿದೆ, ಒಂದು ಕಡೆ ಕಾಂಪೌಂಡ್ ಎದ್ದಿದೆ.' ನಿಮ್ಮ ಬರಹ ಇರುವುದು ಇಲ್ಲಿ! ಕಾಂಪೌಂಡ್ ಅಬ್‌ಸ್ಟ್ರಕ್ಟ್ ಮಾಡುತ್ತದೆ, ಬೆರಳು ತೋರಿಸಿ 'ಇದೇ' ಎನ್ನಬಹುದು. ಜಾಲಿ, ಹೂಳು, ಪ್ಲಾಸ್ಟಿಕ್ಕು ಹಾಗಲ್ಲ. ನೀರು ಹರಿಯುತ್ತಲೇ ಇರುತ್ತದೆ, ಆದರೆ ಕೆರೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ಅದು ಇಂಪೀಡ್. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಮಗೆ ಕೆರೆಯೇ ಗತಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬಂದಾಗಲೂ ಒಂದು ಕೆರೆ ತುಂಬಿ, ಕೋಡಿ ಬಿದ್ದು, ಕಾಲುವೆ ಹಿಡಿದೇ ಮುಂದಿನ ಕೆರೆಗೆ ಹೋಗಬೇಕಿತ್ತು. ಇದನ್ನು ಕಣ್ಣಾರೆ ಕಂಡ ಓದುಗರಿಗೆ ಈ ಎರಡು ಪದಗಳನ್ನು ನಿಘಂಟಿನಿಂದ ಹೇಳಿಕೊಡಬೇಕೇ?

ಮಳೆ ಬಂದ ಮಾರನೇ ದಿನ ಕಾಲುವೆಯ ಉದ್ದಕ್ಕೂ ನಡೆದು ಬನ್ನಿ. ನೀರು ಎಲ್ಲಿ ನಿಂತಿತು, ಎಲ್ಲಿ ನಿಧಾನವಾಯಿತು, ನೋಡಿ ಬರೆಯಿರಿ. ಕಾಂಪೌಂಡ್ ಕಟ್ಟಿದವರ ಹೆಸರು ಬೇಡ. ಎರಡು ಪುಟ ಸಾಕು, ಜಾಸ್ತಿ ಬೇಡ. ನಿಮ್ಮ ಬರಹಕ್ಕೆ ಜಾಗ ಇಟ್ಟಿರುತ್ತೇನೆ.