ಉಣ್ಣೆ ಅಡಗಿರೋದು ಗೋಡೆ ಸಂದಿಯಲ್ಲಿ

ಪ್ರಶ್ನೆ: ನಮ್ಮ ಬೀಗಲ್‌ಗೆ ಮೂರು ವರ್ಷ. ಮಾರ್ಚ್‌ನಲ್ಲಿ ಟಿಕ್ ಫೀವರ್ ಬಂದು ಮಾತ್ರೆಯಲ್ಲಿ ವಾಸಿಯಾಗಿತ್ತು. ಈಗ ಮತ್ತೆ ಊಟ ಬಿಟ್ಟಿದೆ, ಪ್ಲೇಟ್‌ಲೆಟ್ ಇಳಿದಿದೆ ಅಂದರು. ವಾರಕ್ಕೊಮ್ಮೆ ಟಿಕ್ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ. ಆದರೂ ಯಾಕೆ ಹೀಗೆ? ಪಪ್ಪಾಯಿ ಎಲೆ ರಸ ಕೊಡಬಹುದಾ ಡಾಕ್ಟ್ರೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಮೊದಲು ಒಂದು ಮಾತು ಕೇಳಬೇಕು. ಮಾರ್ಚ್‌ನಲ್ಲಿ ಮಾತ್ರೆ ಎಷ್ಟು ದಿನ ಕೊಟ್ಟಿರಿ? ಎರ್ಲಿಕಿಯಾ ಅನ್ನೋ ಟಿಕ್ ಫೀವರ್‌ಗೆ, ಅಂದರೆ ಉಣ್ಣೆ ಕಚ್ಚಿ ಬರೋ ಜ್ವರಕ್ಕೆ, ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಡುತ್ತೇವೆ, 28 ದಿನ. ನಾಲ್ಕೈದು ದಿನಕ್ಕೇ ನಾಯಿ ಎದ್ದು ಓಡಾಡುತ್ತೆ, ಊಟ ಮಾಡುತ್ತೆ. ಮನೆಯವರು ಅಲ್ಲಿಗೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇನ್ನೊಂದು, ನಮ್ಮ ಮನೆಗಳಲ್ಲಿ ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿಟ್ಟು ತಿನ್ನಿಸೋದು ರೂಢಿ. ಹಾಲು ಮೊಸರಿನ ಕ್ಯಾಲ್ಸಿಯಂ ಈ ಔಷಧಿ ಮೈಗೆ ಸೇರೋದನ್ನ ತಗ್ಗಿಸುತ್ತೆ. ಹಾಗಂತ ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ. ಸ್ವಲ್ಪ ಚಿಕನ್ ಅನ್ನದ ಜೊತೆ ಕೊಡಿ.

ಕೋರ್ಸ್ ಪೂರ್ತಿ ಮಾಡಿದ್ದೀರಿ ಅಂತಾದರೆ, ಈಗ ಬಂದಿರೋದು ಬೇರೆಯದೇ ಇರಬಹುದು. ಬಬೇಸಿಯಾ ಅನ್ನೋ ಇನ್ನೊಂದು ರೋಗ ಕೂಡ ಉಣ್ಣೆಯಿಂದಲೇ ಬರುತ್ತೆ. ಒಸಡು ಬಿಳಿಚಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದರ ಮೇಲೆ ಅನುಮಾನ ಪಡಬೇಕು. ಡಾಕ್ಸಿಸೈಕ್ಲಿನ್ ಒಂದರಿಂದಲೇ ಅದು ಹೋಗೋದಿಲ್ಲ. ಹಳೇ ಚೀಟಿ ಹಿಡ್ಕೊಂಡು ಮೆಡಿಕಲ್ ಸ್ಟೋರಿಗೆ ಹೋಗಬೇಡಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಮೂಗಿನಲ್ಲಿ ರಕ್ತ, ಹೊಟ್ಟೆ ಮೇಲೆ ಕೆಂಪು ಚುಕ್ಕೆ ಕಂಡರೆ ಅವತ್ತೇ ಕರ್ಕೊಂಡು ಹೋಗಬೇಕು. ಪಪ್ಪಾಯಿ ಎಲೆ ರಸ ಉಣ್ಣೆ ಜ್ವರದ ರೋಗಾಣುವನ್ನು ಕೊಲ್ಲುವುದಿಲ್ಲ. ಅದನ್ನು ನೆಚ್ಚಿಕೊಂಡು ಎರಡು ದಿನ ಕಾಯೋದೇ ಅಪಾಯ.

ಇನ್ನು ಶಾಂಪೂ ವಿಷಯ. ಅವತ್ತು ಮೈಮೇಲೆ ಇರೋದು ಸಾಯುತ್ತೆ, ಅಷ್ಟೇ. ನಾಯಿಗಳಿಗೆ ಹತ್ತೋ ಈ ಕಂದು ಉಣ್ಣೆ ಬದುಕಿನ ಬಹುಪಾಲು ಕಳೆಯೋದು ನಾಯಿಯ ಮೈಮೇಲಲ್ಲ, ನಿಮ್ಮ ಮನೆಯಲ್ಲಿ. ಮರಿ ರಕ್ತ ಕುಡಿದು ಉದುರುತ್ತೆ, ಸಂದಿ ಸೇರುತ್ತೆ, ಬೆಳೆದು ಮತ್ತೆ ಹತ್ತುತ್ತೆ. ಹೆಣ್ಣು ಉಣ್ಣೆ ಹೊಟ್ಟೆ ತುಂಬಿಸ್ಕೊಂಡು ಇಳಿದು ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಅದನ್ನು ಕೊಲ್ಲುವಷ್ಟು ಚಳಿ ನಮ್ಮೂರಿಗೆ ಬರೋದೇ ಇಲ್ಲ. ಡಿಸೆಂಬರ್‌ನಲ್ಲೂ ಟಿಕ್ ಫೀವರ್ ನೋಡುತ್ತೇವೆ.

ಇವತ್ತು ರಾತ್ರಿ ಟಾರ್ಚ್ ಹಿಡಿದು ಬಾಗಿಲ ಚೌಕಟ್ಟಿನ ಸಂದಿ, ನೆಲದಂಚಿನ ಪಟ್ಟಿ, ಸೋಫಾ ಅಡಿ, ನಾಯಿ ಮಲಗೋ ಜಾಗದ ಹಿಂದಿನ ಗೋಡೆ ನೋಡಿ. ಗೋಡೆ ಮೇಲಕ್ಕೆ ಹತ್ತೋ ಸ್ವಭಾವ ಅದಕ್ಕೆ, ಪರದೆಯ ಮಡಿಕೆಯನ್ನೂ ಬಿಡಬೇಡಿ. ವ್ಯಾಕ್ಯೂಮ್ ಮಾಡಿ, ಬಿರುಕಿಗೆ ವೈಟ್ ಸಿಮೆಂಟ್ ತುಂಬಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಪೆಸ್ಟ್ ಕಂಟ್ರೋಲ್ ಮಾಡಿಸಿದರೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ಮಾಡಿಸಿ, ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರುತ್ತೆ. ಮನೇಲಿ ಬೆಕ್ಕಿದ್ದರೆ ಮೊದಲೇ ಹೇಳಿ. ಇಂಥ ಸ್ಪ್ರೇಯಲ್ಲಿ ಇರಬಹುದಾದ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಬೆಕ್ಕಿಗೆ ವಿಷ. ಅದೇ ಕಾರಣಕ್ಕೆ ನಾಯಿಯ ಬೆನ್ನಿಗೆ ಹಾಕೋ ಟಿಕ್ ಡ್ರಾಪ್ಸ್ ಬೆಕ್ಕಿಗೆ ಹಾಕಲೇಬಾರದು.

ನಾಯಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡೋ ಟಿಕ್ ಮಾತ್ರೆ ಬಂದಿವೆ. ದುಡ್ಡು ಜಾಸ್ತಿ, ಆದರೆ ಒಂದು ಸಲ ಜ್ವರಕ್ಕೆ ಡ್ರಿಪ್ ಹಾಕಿಸೋ ಖರ್ಚು ನೋಡಿದರೆ ಜಾಸ್ತಿ ಅನ್ನಿಸಲ್ಲ. ಫಿಟ್ಸ್ ಬರೋ ನಾಯಿಯಾದರೆ ಡಾಕ್ಟರಿಗೆ ತಿಳಿಸಿಯೇ ಕೊಡಿ. ವಾಕಿಂಗ್ ಮುಗಿಸಿ ಬಂದಾಗ ಕಿವಿಯೊಳಗೆ, ಕಾಲ್ಬೆರಳ ಸಂದಿ, ಬೆಲ್ಟ್ ಅಡಿ ತಡವಿ ನೋಡಿ. ಉಣ್ಣೆ ಸಿಕ್ಕಿದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೀರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಉಗುರಲ್ಲಿ ಹೊಸಕೋದೂ ಬೇಡ, ಸ್ಪಿರಿಟ್‌ಗೆ ಹಾಕಿ.

ಪ್ರಶ್ನೆ: ನಾಲ್ಕು ವರ್ಷದ ಗಂಡು ಬೆಕ್ಕು, ಫ್ಲಾಟ್ ಬಿಟ್ಟು ಹೊರಗೆ ಹೋಗಲ್ಲ. ಬೆಳಿಗ್ಗೆಯಿಂದ ಮಣ್ಣಿನ ಟ್ರೇಗೆ ಹೋಗಿ ಹೋಗಿ ತಿಣುಕುತ್ತಿದೆ, ಕೂಗುತ್ತಿದೆ. ಮಲಬದ್ಧತೆ ಇರಬಹುದು ಅಂತ ಹರಳೆಣ್ಣೆ ಕೊಡೋಣ ಅಂತಿದ್ದೇವೆ.
– ಓದುಗರೊಬ್ಬರು, ಸಹಕಾರನಗರ

ಉತ್ತರ: ಇವರಿಗೆ ಪತ್ರ ಬಂದ ಕೂಡಲೇ ಫೋನ್ ಮಾಡಿ, ತಕ್ಷಣ ಹೊರಡಿ ಅಂದೆವು. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗಂಡು ಬೆಕ್ಕು ತಿಣುಕುತ್ತಾ, ಕೆಳಗೆ ನೆಕ್ಕಿಕೊಳ್ಳುತ್ತಾ ಇದ್ದು, ಟ್ರೇ ಒಣಗಿಯೇ ಇದ್ದರೆ ಮೂತ್ರ ಕಟ್ಟಿದೆ ಅಂತಲೇ ತಿಳಿಯಿರಿ. ಗಂಡಿನ ಮೂತ್ರನಾಳ ತೀರಾ ಸಣ್ಣದು. ಹರಳು, ಲೋಳೆ ಸೇರಿ ಮುಚ್ಚಿಹೋಗುತ್ತೆ. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಹರಳೆಣ್ಣೆ ಬೇಡ, ಹೊಟ್ಟೆ ಒತ್ತೋದೂ ಬೇಡ. ಆ ಕಡೆಯವರಿಗೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಹತ್ತಿರ. ಹೊತ್ತಲ್ಲದ ಹೊತ್ತಾದರೆ ರಾತ್ರಿಯೂ ತೆರೆದಿರೋ ಕ್ಲಿನಿಕ್‌ಗೆ ಫೋನ್ ಮಾಡಿ, ಬೆಕ್ಕಿಗೆ ಕ್ಯಾಥೆಟರ್ (ಮೂತ್ರ ತೆಗೆಯೋ ನಳಿಗೆ) ಹಾಕ್ತೀರಾ ಅಂತ ಕೇಳಿಕೊಂಡೇ ಹೊರಡಿ. ಟ್ರಾಫಿಕ್‌ನಲ್ಲಿ ಎರಡು ಕಡೆ ಅಲೆಯೋಕೆ ಟೈಮ್ ಇರಲ್ಲ.

ಗುಣವಾದ ಮೇಲೆ ಬರೀ ಒಣ ಆಹಾರ ಹಾಕೋದು ಬಿಡಿ. ಪೌಚ್‌ನಲ್ಲಿ ಬರೋ ನೀರಿನಂಶದ ಆಹಾರ ಕೊಡಿ, ಮನೇಲಿ ಎರಡು ಮೂರು ಕಡೆ ನೀರಿಡಿ. ಪಕ್ಕದ ಫ್ಲಾಟಿನ ಡ್ರಿಲ್ಲಿಂಗ್, ಮನೆಗೆ ಬಂದ ನೆಂಟರು, ಇಂಥ ಗಾಬರಿಯಿಂದಲೂ ಮತ್ತೆ ಕಟ್ಟಿಕೊಳ್ಳುತ್ತೆ. ಒಂದು ಮೂಲೆ ಅದಕ್ಕೇ ಅಂತ ಬಿಟ್ಟುಕೊಡಿ.

ಪ್ರಶ್ನೆ: ಒಂಬತ್ತು ವರ್ಷದ ಲ್ಯಾಬ್ರಡಾರ್, ಮೆಟ್ಟಿಲು ಹತ್ತೋಕೆ ಕುಂಟುತ್ತೆ. ಮನೇಲಿರೋ ನೋವಿನ ಮಾತ್ರೆ ಅರ್ಧ ಕೊಡಬಹುದಾ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ಒಂದೇ ಮಾತ್ರೆ ಸಾಕು, ಜೀವ ಹೋಗುತ್ತೆ. ನಾಯಿಗಳಿಗೇ ಅಂತ ನೋವಿನ ಔಷಧಿ ಇವೆ, ಪರೀಕ್ಷೆ ಮಾಡಿಸಿ ಬರೆಸಿಕೊಳ್ಳಿ.

ತೂಕ ಎಷ್ಟು ಅಂತ ನೀವು ಬರೆದಿಲ್ಲ. ಪಕ್ಕೆಯ ಮೇಲೆ ಕೈಯಾಡಿಸಿ. ಒತ್ತದೇ ಎಲುಬು ಕೈಗೆ ಸಿಗದಿದ್ದರೆ ಬೊಜ್ಜಿದೆ, ಕೀಲಿನ ಮೇಲಿನ ಭಾರ ಇಳಿಸದೆ ಮಾತ್ರೆ ಒಂದರಿಂದಲೇ ಕೆಲಸ ಆಗಲ್ಲ. ಟೀ ಹೊತ್ತಿಗೆ ಅಜ್ಜಿ ತಾತ ಹಾಕೋ ರಸ್ಕು, ಬಿಸ್ಕತ್ತು ಮೊದಲು ನಿಲ್ಲಲಿ. ಬದಲಿಗೆ ಸೌತೆಕಾಯಿ, ಬೇಯಿಸಿದ ಬೀನ್ಸ್ ಕೊಡಿ. ಈರುಳ್ಳಿ ಹಾಕಿದ ಹುಳಿ ಕಲಸಿದ ಅನ್ನ ಬೇಡ, ಈರುಳ್ಳಿ ಕೆಂಪು ರಕ್ತಕಣ ಒಡೆಯುತ್ತೆ. ನುಣುಪು ಟೈಲ್ಸ್ ಮೇಲೆ ಕಾಲು ಜಾರದ ಹಾಗೆ ಮ್ಯಾಟ್ ಹಾಸಿ.