ಸಾಲ್ವಡೋರ್ ಕಾರ್ನಿವಲ್ ಮೊದಲೋ, ಮೊರೊ ಕಡಲತೀರ ಮೊದಲೋ: ಇಬ್ಬರೇ ಹೊರಟವರಿಗೆ ಉತ್ತರ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನೀವೂ ನಿಮ್ಮ ಸ್ನೇಹಿತರೂ ಬೆನ್ನುಚೀಲ ಹೊತ್ತು 2027ರ ಜನವರಿ ಕೊನೆಯಿಂದ ಹದಿನೆಂಟು ದಿನ ಬ್ರೆಜಿಲ್‌ನ ಬಾಹಿಯಾ ರಾಜ್ಯದಲ್ಲಿ ಇರಲಿದ್ದೀರಿ. ಸಾಲ್ವಡೋರ್ ನಗರದ ಕಾರ್ನಿವಲ್ ಮೊದಲೋ, ಮೊರೊ ದೆ ಸಾವ್ ಪಾವ್ಲೊ ಎಂಬ ದ್ವೀಪದೂರಿನ ಕಡಲತೀರ ಮೊದಲೋ, ಕಾರ್ನಿವಲ್‌ನಲ್ಲಿ ಹಾಡಿನ ಲಾರಿಯ ಸುತ್ತ ಹಿಡಿಯುವ ಹಗ್ಗದೊಳಗೆ ಕುಣಿಯಲು ದುಡ್ಡು ಕೊಡಬೇಕೇ, ಇಬ್ಬರಲ್ಲಿ ಒಬ್ಬರು ಸಸ್ಯಾಹಾರಿಯಾದ್ದರಿಂದ ಊಟದ ಗತಿಯೇನು ಎಂದು ಕೇಳಿದ್ದೀರಿ. 2024ರ ಫೆಬ್ರವರಿಯಲ್ಲಿ ನಾನೂ ಶಿರಸಿಯ ನನ್ನ ಸ್ನೇಹಿತನೂ ಇದೇ ಎರಡು ಊರುಗಳಿಗೆ ಹೋಗಿ ಬಂದಿದ್ದೇವೆ. ಕಾರ್ನಿವಲ್ ಮೊದಲಿರಲಿ, ಹಗ್ಗದ ಟಿಕೆಟ್ ಬೇಡ, ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಒಂದೆರಡು ಮಾತು ಕಲಿತು ಹೋಗಬೇಕು. ಕಾರಣಗಳನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಮೊದಲು ದಿನಾಂಕಗಳನ್ನು ನೋಡೋಣ. ಕಾರ್ನಿವಲ್‌ನ ಕೊನೆಯ ಮಂಗಳವಾರ ಈಸ್ಟರ್‌ಗೆ 47 ದಿನ ಮುಂಚೆ ಬರುತ್ತದೆ, ಈಸ್ಟರ್ ಹುಣ್ಣಿಮೆಯನ್ನು ಹಿಂಬಾಲಿಸುವುದರಿಂದ ಕಾರ್ನಿವಲ್ ಯಾವಾಗಲೂ ಅಮಾವಾಸ್ಯೆಯ ಆಸುಪಾಸಿನಲ್ಲೇ ಬೀಳುತ್ತದೆ. 2027ರಲ್ಲಿ ಆ ಮಂಗಳವಾರ ಫೆಬ್ರವರಿ 9, ಸಾಲ್ವಡೋರ್‌ನಲ್ಲಿ ಉತ್ಸವ ಗುರುವಾರವೇ ಆರಂಭವಾಗುವುದರಿಂದ ನಿಮ್ಮ ಲೆಕ್ಕ 4ರಿಂದ 9ರವರೆಗೆ. ಅದಕ್ಕೂ ಎರಡು ದಿನ ಮೊದಲು, ಪ್ರತಿವರ್ಷ ಫೆಬ್ರವರಿ 2ರಂದು, ಹಿಯೊ ವೆರ್ಮೆಲ್ಯೊ ಬಡಾವಣೆಯ ಮೀನುಗಾರರು ಕಡಲ ದೇವತೆ ಯೆಮಾಂಜಾಳಿಗೆ ಹೂವು, ಬಾಚಣಿಗೆ, ಕನ್ನಡಿ, ಸುಗಂಧಗಳನ್ನು ದೋಣಿಯಲ್ಲಿ ಒಯ್ದು ಅರ್ಪಿಸುತ್ತಾರೆ. ಹೂವಿಗಾಗಿ ಸಾಲುಗಟ್ಟಿ ನಿಂತ ಬಿಳಿ ಬಟ್ಟೆಯ ಜನರನ್ನು ನೋಡಿದಾಗ ನಮ್ಮ ಕರಾವಳಿಯ ಸಮುದ್ರಪೂಜೆಯ ನೆನಪಾಯಿತು. ಆದ್ದರಿಂದ ಜನವರಿ 31ರೊಳಗೆ ಅಲ್ಲಿರಿ. ಇನ್ನೊಂದು ಸ್ವಾರಸ್ಯವೆಂದರೆ, ಫೆಬ್ರವರಿ 6ರ ಶನಿವಾರ ಅಮಾವಾಸ್ಯೆಯಂದು ಕಂಕಣ ಸೂರ್ಯಗ್ರಹಣವಿದೆ, ಸಾಲ್ವಡೋರ್‌ನಲ್ಲಿ ಅದು ಭಾಗಶಃ ಕಾಣುತ್ತದೆ. ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಾರದೆನ್ನುವ ಮನೆಯವರು ನಿಮಗಿದ್ದರೆ ಅಂದು ಮಧ್ಯಾಹ್ನ ಫೋಟೊ ಕಳಿಸಬೇಡಿ.

ಕಾಗದಪತ್ರಗಳಲ್ಲಿ ಬಹಳಷ್ಟು ಜನ ಎಡವುವುದು ವೀಸಾದಲ್ಲಿ ಅಲ್ಲ, ಹಳದಿ ಜ್ವರದ ಲಸಿಕೆಯಲ್ಲಿ. ಬ್ರೆಜಿಲ್ ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ ಭಾರತಕ್ಕೆ ಮರಳುವಾಗ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಕಳುಹಿಸುವ ಅಧಿಕಾರ ಅಲ್ಲಿನ ಆರೋಗ್ಯಾಧಿಕಾರಿಗಳಿಗಿದೆ. ಚುಚ್ಚುಮದ್ದು ಸರ್ಕಾರ ಅನುಮತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹಾಕಿಸಿಕೊಂಡ ಹತ್ತನೆಯ ದಿನದಿಂದ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಒಮ್ಮೆ ಪಡೆದರೆ ಜೀವನಪರ್ಯಂತ ಸಾಕು. ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಹಣದ ವಿಷಯದಲ್ಲಿ, ಅಲ್ಲಿ ನಮ್ಮ ಯುಪಿಐಯಂತೆಯೇ ಪಿಕ್ಸ್ ಎಂಬ ವ್ಯವಸ್ಥೆ 2020ರಿಂದ ಇದೆ, ಎಳನೀರು ಮಾರುವವರೂ ಅದರ ಚೌಕವನ್ನು ತೂಗುಹಾಕಿರುತ್ತಾರೆ. ಆದರೆ ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆಯೂ ಸಿಪಿಎಫ್ ಎಂಬ ತೆರಿಗೆ ಸಂಖ್ಯೆಯೂ ಬೇಕಾಗುವುದರಿಂದ ಪ್ರವಾಸಿಗಳಿಗೆ ಒದಗುವುದು ಕಷ್ಟ. ಇಬ್ಬರ ಬಳಿಯೂ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಸ್ವಲ್ಪ ಡಾಲರ್ ಇರಲಿ. ರೂಪಾಯಿ ನೋಟನ್ನು ಅಲ್ಲಿ ಬದಲಿಸಿಕೊಳ್ಳುವ ಆಸೆ ಬಿಡಿ.

ಇನ್ನು ಕಾರ್ನಿವಲ್. ಸಾಲ್ವಡೋರ್‌ನದು ರಿಯೊದಂತೆ ಆಸನದಲ್ಲಿ ಕುಳಿತು ನೋಡುವ ಮೆರವಣಿಗೆಯಲ್ಲ. ಇಲ್ಲಿ ಲಾರಿಯ ಮೇಲೆ ಧ್ವನಿವರ್ಧಕಗಳ ಗೋಡೆ ಕಟ್ಟಿ, ನೆತ್ತಿಯ ಮೇಲೆ ಗಾಯಕರನ್ನು ನಿಲ್ಲಿಸಿ, ಕಾಲ್ನಡಿಗೆಗಿಂತ ನಿಧಾನವಾಗಿ ಬೀದಿಯಲ್ಲಿ ಎಳೆಯುತ್ತಾರೆ. ಇದಕ್ಕೆ ಟ್ರಿಯೊ ಎಲೆಟ್ರಿಕೊ ಎಂದು ಹೆಸರು. 1950ರಲ್ಲಿ ಡೋಡೊ ಮತ್ತು ಓಸ್ಮಾರ್ ಎಂಬ ಇಬ್ಬರು ಗೆಳೆಯರು ಒಂದು ಹಳೆಯ ಫೋರ್ಡ್ ಕಾರಿನ ಮೇಲೆ ವಾದ್ಯ ಹೂಡಿ ಬೀದಿಗಿಳಿದದ್ದು ಇದರ ಮೂಲ, ಇಂದಿಗೂ ಎರಡು ಮುಖ್ಯ ಮಾರ್ಗಗಳಿಗೆ ಅವರದೇ ಹೆಸರು. ಡೋಡೊ ಮಾರ್ಗ ಬಾರಾ ದೀಪಸ್ತಂಭದಿಂದ ಒಂದೀನಾವರೆಗೆ ಕಡಲ ಬದಿಯಲ್ಲೇ ಸಾಗುತ್ತದೆ, ಓಸ್ಮಾರ್ ಮಾರ್ಗ ಕಾಂಪೊ ಗ್ರಾಂಡೆಯ ಸುತ್ತಮುತ್ತ. ಮೂರನೆಯದು ಹಳೆಯ ಪೇಟೆ ಪೆಲೋರಿನ್ಯೊದ ಕಲ್ಲುಹಾಸಿನ ಬೀದಿಗಳಲ್ಲಿ ನಡೆಯುವ ಸಣ್ಣ ವಾದ್ಯತಂಡಗಳದು, ಮಕ್ಕಳೂ ಅಜ್ಜಿಯರೂ ಬರುವುದು ಅಲ್ಲಿಗೆ. ಮೊದಲ ದಿನ ಪೆಲೋರಿನ್ಯೊದಲ್ಲಿ ಕಳೆದು ಕಿವಿಯನ್ನೂ ಧೈರ್ಯವನ್ನೂ ಹದ ಮಾಡಿಕೊಂಡು ಆಮೇಲೆ ಬಾರಾಕ್ಕೆ ಹೋಗಿ.

ಹಗ್ಗದ ವಿಷಯ ಹೀಗಿದೆ. ಲಾರಿಯ ಸುತ್ತ ದೊಡ್ಡ ಹಗ್ಗವನ್ನು ನೂರಾರು ಕೂಲಿಯಾಳುಗಳು ಹಿಡಿದು ನಡೆಯುತ್ತಾರೆ, ಅಬಾಡಾ ಎಂಬ ಬಣ್ಣದ ಬನಿಯನ್ನು ದುಬಾರಿ ಬೆಲೆಗೆ ಕೊಂಡವರು ಹಗ್ಗದೊಳಗೆ ಕುಣಿಯುತ್ತಾರೆ. ಹೊರಗೆ ಬಿಟ್ಟಿಯಾಗಿ ಕುಣಿಯುವವರಿಗೆ ಪಿಪೋಕಾ, ಅಂದರೆ ಪಾಪ್‌ಕಾರ್ನ್, ಎನ್ನುತ್ತಾರೆ. ಹಗ್ಗದೊಳಗೆ ಸುರಕ್ಷಿತ ಎಂದು ಮಾರುವವರು ಹೇಳುವುದು ಪೂರ್ತಿ ಸುಳ್ಳಲ್ಲ, ಆದರೆ ಬಿಸಿಲಿನಲ್ಲಿ ಹಗ್ಗ ಹಿಡಿದು ಅಂಗೈ ಕೆಂಪಾದವರನ್ನು ಬೇಲಿಯಾಗಿಸಿಕೊಂಡು ಕುಣಿಯುವುದು ನನಗೆ ಹಿಡಿಸಲಿಲ್ಲ. ಅದಲ್ಲದೆ ಹಗ್ಗವಿಲ್ಲದ ಲಾರಿಗಳೂ ಬೇಕಾದಷ್ಟು ಬರುತ್ತವೆ. ಹೊರಗಿದ್ದರೆ ಪಾಲಿಸಬೇಕಾದದ್ದು ಇಷ್ಟೇ: ಲಾರಿಗೂ ಗೋಡೆಗೂ ನಡುವೆ ಬೀದಿ ಕಿರಿದಾಗುವ ಕಡೆ ನಿಲ್ಲದೆ ಅಡ್ಡಬೀದಿಯ ಬಾಯಿಯಲ್ಲಿ ನಿಲ್ಲಿ, ಪೊಲೀಸರು ಒಬ್ಬರ ಹಿಂದೊಬ್ಬರು ಸಾಲಾಗಿ ನುಗ್ಗಿ ಬಂದಾಗ ತಕ್ಷಣ ದಾರಿ ಬಿಡಿ, ಹೊಡೆದಾಟದ ಸುಳಿವು ಕಂಡರೆ ಅಡ್ಡಬೀದಿಗೆ ಸರಿಯಿರಿ. ಮೈಮೇಲೆ ಪಾಸ್‌ಪೋರ್ಟಿನ ನೆರಳಚ್ಚು ಪ್ರತಿ, ಒಂದು ದಿನದ ಖರ್ಚಿನ ನೋಟುಗಳು, ಹಳೆಯ ಅಗ್ಗದ ಮೊಬೈಲ್ ಇಷ್ಟನ್ನು ಬಟ್ಟೆಯೊಳಗಿನ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಬೂಟು ಬೇಕು.

ಇಬ್ಬರೇ ಹೋಗುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂಬ ಒಪ್ಪಂದ, ಏಕೆಂದರೆ ಅಷ್ಟು ಜನರ ನಡುವೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಶುಕ್ರವಾರ ರಾತ್ರಿ ನಾವು ‘ದೀಪಸ್ತಂಭದ ಬುಡದಲ್ಲಿ’ ಎಂದು ಮಾತಾಡಿಕೊಂಡಿದ್ದೆವು. ಆ ದೀಪಸ್ತಂಭ ನಿಂತಿರುವುದು ಒಂದು ಹಳೆಯ ಕೋಟೆಯೊಳಗೆ, ಅದರ ಮುಂದಿನ ಹುಲ್ಲುದಿಬ್ಬದ ಮೇಲೆ ಇಡೀ ಊರೇ ‘ದೀಪಸ್ತಂಭದ ಬುಡದಲ್ಲಿ’ ಸೇರಲು ಬಂದಿತ್ತು. ಅವನು ಕಡಲ ಕಡೆ, ನಾನು ಬೀದಿಯ ಕಡೆ, ಮೂರು ಗಂಟೆ ಒಬ್ಬರನ್ನೊಬ್ಬರು ಶಪಿಸುತ್ತ ನಿಂತಿದ್ದೆವು. ಮರುದಿನದಿಂದ ನಿಯಮ ಬದಲಾಯಿಸಿದೆವು. ಮಾರ್ಗದಿಂದ ಎರಡು ಬೀದಿ ಒಳಗಿನ, ಹಸಿರು ಫಲಕದ ಒಂದು ಔಷಧಿ ಅಂಗಡಿಯನ್ನು ಗೊತ್ತುಮಾಡಿಕೊಂಡು, ತಪ್ಪಿಸಿಕೊಂಡವರು ಮುಂದಿನ ಗಂಟೆ ಹೊಡೆಯುವಾಗ ಅಲ್ಲಿ ಹತ್ತು ನಿಮಿಷ ನಿಲ್ಲುವುದು, ಬರದಿದ್ದರೆ ಅದರ ಮುಂದಿನ ಗಂಟೆಗೆ ಮತ್ತೆ ಬರುವುದು, ಎರಡು ಸಲವೂ ಆಗದಿದ್ದರೆ ನೇರ ವಸತಿಗೆ ಹೋಗುವುದು. ಆಮೇಲೆ ಎರಡು ಬಾರಿ ತಪ್ಪಿಸಿಕೊಂಡರೂ ಜಗಳವಾಗಲಿಲ್ಲ. ಕುಣಿಯಲು ಒಬ್ಬರಿಗೆ ಇಷ್ಟ, ಇನ್ನೊಬ್ಬರಿಗೆ ನಿದ್ದೆ ಇಷ್ಟ ಎಂದಿದ್ದರೂ ಇದೇ ನಿಯಮ ಉಪಯೋಗಕ್ಕೆ ಬರುತ್ತದೆ.

ವಸತಿಯನ್ನು ಕಾರ್ನಿವಲ್ ವಾರಕ್ಕೆ ಐದಾರು ರಾತ್ರಿಗಳ ಕಟ್ಟಾಗಿಯೇ ಮಾರುತ್ತಾರೆ, ಬಾರಾದಲ್ಲಿ ಬೆಲೆ ಕಣ್ಣು ಕುಕ್ಕುತ್ತದೆ. ನಾವು ಪೆಲೋರಿನ್ಯೊದ ಮೇಲಿನ ಸಾಂತೊ ಆಂಟೋನಿಯೊ ಬಡಾವಣೆಯ ಹಾಸ್ಟೆಲಿನಲ್ಲಿದ್ದೆವು. ಅಲ್ಲಿಂದ ಬಾರಾ ಸುಮಾರು ಆರು ಕಿಲೋಮೀಟರ್ ದೂರ ನಿಜ, ಆದರೆ ರಾತ್ರಿ ನಿದ್ದೆ ಬರುತ್ತದೆ. ವಿಮಾನ ನಿಲ್ದಾಣದಿಂದ ಊರೊಳಗೆ ಮೆಟ್ರೊ ಇದೆ.

ಭಾನುವಾರ ಮಧ್ಯಾಹ್ನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಪೆಲೋರಿನ್ಯೊದಲ್ಲಿರಿ. ಫಿಲ್ಯೊಸ್ ದೆ ಗಾಂಧಿ, ಅಂದರೆ ಗಾಂಧಿಯ ಮಕ್ಕಳು, ಎಂಬ ತಂಡ ಅಲ್ಲಿಂದ ಹೊರಡುತ್ತದೆ. ಗಾಂಧೀಜಿಯ ಹತ್ಯೆಯ ಮರುವರ್ಷ, 1949ರಲ್ಲಿ, ಸಾಲ್ವಡೋರ್ ಬಂದರಿನ ಹಮಾಲರು ಕಟ್ಟಿದ ತಂಡವಿದು. ಸಾವಿರಾರು ಗಂಡಸರು ಬಿಳಿ ನಿಲುವಂಗಿ ತೊಟ್ಟು, ಟವೆಲಿನಿಂದ ಮಾಡಿದ ರುಮಾಲು ಸುತ್ತಿ, ನೀಲಿ ಬಿಳಿ ಮಣಿಸರಗಳನ್ನು ಹಾಕಿಕೊಂಡು, ಲ್ಯಾವೆಂಡರ್ ನೀರು ಚಿಮುಕಿಸುತ್ತ, ಆಫ್ರಿಕಾ ಮೂಲದ ಇಜೆಷಾ ತಾಳಕ್ಕೆ ಮೆಲ್ಲಗೆ ಹೆಜ್ಜೆ ಹಾಕುತ್ತಾರೆ. ಭಾರತದವರೆಂದು ತಿಳಿದ ಹಿರಿಯರೊಬ್ಬರು ತಮ್ಮ ಕೊರಳಿನ ಸರವನ್ನೇ ತೆಗೆದು ನನ್ನ ಸ್ನೇಹಿತನಿಗೆ ಹಾಕಿದರು. ಆದರೆ ತರುಣಿಯರಿಗೆ ಸರ ಕೊಟ್ಟು ಬದಲಿಗೆ ಮುತ್ತು ಕೇಳುವ ರೂಢಿಯೂ ಅಲ್ಲಿದೆ, ಗಾಂಧೀಜಿ ಇದನ್ನು ಒಪ್ಪುತ್ತಿದ್ದರೇ ಎಂದು ಕೇಳಲು ನನಗೆ ಅಷ್ಟು ಪೋರ್ಚುಗೀಸ್ ಬರಲಿಲ್ಲ.

ಊಟಕ್ಕೆ ಬರೋಣ. ಬೀದಿಮೂಲೆಗಳಲ್ಲಿ ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ ತೊಟ್ಟ ಹೆಂಗಸರು ಮಾರುವ ಅಕರಜೆ ನಮ್ಮ ವಡೆಯ ಅಕ್ಕ ಎನ್ನಬಹುದು. ನೆನೆಸಿ ಸಿಪ್ಪೆ ತೆಗೆದ ಅಲಸಂದೆಯನ್ನು ಈರುಳ್ಳಿ ಉಪ್ಪಿನೊಂದಿಗೆ ರುಬ್ಬಿ, ಗಾಳಿ ತುಂಬುವವರೆಗೆ ಮರದ ಸೌಟಿನಿಂದ ಬಡಿದು, ಕೆಂಪು ತಾಳೆ ಎಣ್ಣೆಯಲ್ಲಿ ಕರಿಯುತ್ತಾರೆ. ಆಮೇಲೆ ಅದನ್ನು ಹೊಟ್ಟೆಯಲ್ಲಿ ಸೀಳಿ ವಟಪಾ, ಕರುರು ಎಂಬ ಗೊಜ್ಜುಗಳನ್ನೂ ಒಣ ಸಿಗಡಿಯನ್ನೂ ತುಂಬುತ್ತಾರೆ. ಕರುರು ಬೆಂಡೆಕಾಯಿಯದೇ ಆದರೂ ಅದರಲ್ಲೂ ವಟಪಾದಲ್ಲೂ ಸಿಗಡಿ ಪುಡಿ ಇರುತ್ತದೆ. ಹಾಗಾಗಿ ಸಸ್ಯಾಹಾರಿಗಳು ‘ಸೊ ಸಲಾಡಾ’ ಎಂದು ಹೇಳಿ ಟೊಮೆಟೊ ಈರುಳ್ಳಿಯನ್ನಷ್ಟೇ ತುಂಬಿಸಿಕೊಳ್ಳಬೇಕು. ಅದೇ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಅಬರಾ ನಮ್ಮ ಕಡುಬಿನಂತೆ ಕಂಡರೂ ಹಿಟ್ಟಿನಲ್ಲೇ ಸಿಗಡಿ ಬೆರೆಸಿರುವುದರಿಂದ ಬೇಡ. ‘ಬಿಸಿಯೋ, ತಣ್ಣಗೋ’ ಎಂದು ಆಕೆ ಕೇಳಿದರೆ ಅದು ಖಾರ ಬೇಕೋ ಬೇಡವೋ ಎಂಬ ಪ್ರಶ್ನೆ. ನನ್ನ ಸ್ನೇಹಿತ ಬಿಸಿಬಿಸಿಯಾಗಿಯೇ ಇರಲಿ ಎಂದು ‘ಕೆಂಚಿ’ ಎಂದ, ಆಕೆ ಎರಡು ಚಮಚ ಮೆಣಸಿನ ಚಟ್ನಿ ಬಳಿದಳು, ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿದ.

ಹೋಟೆಲಿನಲ್ಲಿ ‘ಸೆಂ ಕಾರ್ನೆ’, ಮಾಂಸ ಬೇಡ, ಎಂದರೆ ಸಾಲದು. ಅವರ ಮಾತಿನಲ್ಲಿ ಕಾರ್ನೆ ಎಂದರೆ ಬಹುಮಟ್ಟಿಗೆ ದನದ ಮಾಂಸ, ಕೋಳಿಯೂ ಹ್ಯಾಮ್ ಕೂಡ ಅದರ ಲೆಕ್ಕಕ್ಕೆ ಬಾರದಿರಬಹುದು. ಕೋಳಿ, ಮೀನು, ಸಿಗಡಿ, ಹಂದಿ ಎಂದು ಒಂದೊಂದನ್ನೇ ಹೆಸರಿಸಿದ ಚೀಟಿ ಬರೆದಿಟ್ಟುಕೊಳ್ಳಿ, ಹುರುಳಿಯಂತೆ ಬೇಯಿಸಿದ ಬೀನ್ಸ್‌ನಲ್ಲೂ ಮಾಂಸದ ತುಂಡು ಇರುತ್ತದೆಯೇ ಎಂದು ಕೇಳಿ. ತೂಕದ ಲೆಕ್ಕದಲ್ಲಿ ಊಟ ಕೊಡುವ ‘ಆ ಕಿಲೊ’ ಹೋಟೆಲುಗಳು ಇದಕ್ಕೆ ಮದ್ದು: ಎಲ್ಲವೂ ಕಣ್ಣ ಮುಂದಿರುತ್ತದೆ, ಅನ್ನ, ತರಕಾರಿ, ಹುರಿದ ಬಾಳೆಹಣ್ಣನ್ನು ನೀವೇ ಬಡಿಸಿಕೊಂಡು ತಟ್ಟೆ ತೂಗಿಸಬಹುದು. ಪೋರ್ಚುಗೀಸರು ನಮ್ಮ ನಾಡಿನಿಂದ ಒಯ್ದ ಹಲಸು ಅಲ್ಲಿ ಬೀದಿಬದಿಯಲ್ಲಿ ಹಣ್ಣಾಗಿ ಬೀಳುತ್ತದೆ, ನಮ್ಮಲ್ಲಿ ಬಕ್ಕೆ, ಅಂಬಲಿ ಎನ್ನುವಂತೆ ಅವರೂ ಗಟ್ಟಿ ಹಲಸು, ಮೆತ್ತನೆ ಹಲಸು ಎಂದೇ ವಿಂಗಡಿಸುತ್ತಾರೆ.

ಬಿಸಿಲಿನ ಬಗ್ಗೆ ಒಂದು ಮಾತು. ಬೆಂಗಳೂರು ಭೂಮಧ್ಯರೇಖೆಗೆ ಎಷ್ಟು ಉತ್ತರಕ್ಕಿದೆಯೋ ಸಾಲ್ವಡೋರ್ ಸರಿಸುಮಾರು ಅಷ್ಟೇ ದಕ್ಷಿಣಕ್ಕಿದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಬರುವ ಶೂನ್ಯ ನೆರಳಿನ ದಿನ ಅಲ್ಲಿ ಫೆಬ್ರವರಿ ಮಧ್ಯದಲ್ಲಿ ಬರುತ್ತದೆ, ಅಂದರೆ ಕಾರ್ನಿವಲ್ ಹೊತ್ತಿಗೆ ಮಧ್ಯಾಹ್ನ ಕಂಬದ ನೆರಳೂ ಸಿಗುವುದಿಲ್ಲ. ಟೋಪಿ ಮರೆಯಬೇಡಿ.

ಕಡಲತೀರವನ್ನು ಕೊನೆಗೆ ಇಡಿ ಎನ್ನುವುದಕ್ಕೆ ದಣಿವು ಒಂದು ಕಾರಣ, ಆರು ರಾತ್ರಿ ಕುಣಿದ ಮೈಗೆ ಉಪ್ಪುನೀರು ಬೇಕು. ಇನ್ನೊಂದು ಕಾರಣ ಭರತ ಇಳಿತ. ಮೊರೊದ ನಾಲ್ಕನೆಯ ತೀರದಲ್ಲಿ ಬಂಡೆಸಾಲಿನ ನಡುವೆ ಏಳುವ ಸ್ವಾಭಾವಿಕ ಕೊಳಗಳು ಚೆನ್ನಾಗಿ ತೆರೆದುಕೊಳ್ಳುವುದು ನೀರು ಪೂರ್ತಿ ಇಳಿದಾಗ, ಅದು ಆಗುವುದು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ. ಬೂದಿ ಬುಧವಾರ, ಫೆಬ್ರವರಿ 10ರಂದು, ಮಲಗಿ ಬಟ್ಟೆ ಒಗೆದುಕೊಳ್ಳಿ. 11ರ ಬೆಳಿಗ್ಗೆ ಹೊರಟು ಅಂದೂ ಮರುದಿನವೂ ಕೊಳಗಳನ್ನು ಮುಗಿಸಿಕೊಳ್ಳಿ. 14ರ ಹೊತ್ತಿಗೆ ಚಂದ್ರ ಅರ್ಧವಾಗಿ ಇಳಿತ ಸಪ್ಪೆಯಾಗುತ್ತದೆ.

ಲಾಸೆರ್ಡಾ ಲಿಫ್ಟ್ 1873ರಿಂದ ಮೇಲಿನ ಊರನ್ನೂ ಕೆಳಗಿನ ಊರನ್ನೂ ಜೋಡಿಸುತ್ತಿದೆ. ಅದರಲ್ಲಿ ಇಳಿದರೆ ಎದುರಿಗೇ ಮೊಡೆಲೊ ಮಾರುಕಟ್ಟೆ, ಅದರ ಹಿಂದಿನ ದಕ್ಕೆಯಿಂದ ಕ್ಯಾಟಮರಾನ್ ದೋಣಿ ಎರಡರಿಂದ ಎರಡೂವರೆ ಗಂಟೆಯಲ್ಲಿ ಮೊರೊ ಮುಟ್ಟಿಸುತ್ತದೆ. ತೆರೆದ ಕಡಲು, ಹೊಯ್ದಾಟ ಜೋರು. ನನ್ನ ಸ್ನೇಹಿತ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಚೀಲದೊಳಗೆ ಮುಖವಿಟ್ಟುಕೊಂಡಿದ್ದ. ಹೊಟ್ಟೆ ಸೂಕ್ಷ್ಮವಾಗಿದ್ದರೆ ದೊಡ್ಡ ಫೆರಿಯಲ್ಲಿ ಇಟಪರಿಕಾ ದ್ವೀಪಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ವಲೆನ್ಸಾ, ಮತ್ತೆ ಸಣ್ಣ ದೋಣಿಯಲ್ಲಿ ಮೊರೊ ತಲುಪಬಹುದು. ಸಮಯ ಹೆಚ್ಚು, ಖರ್ಚು ಕಡಿಮೆ, ನಾವು ಮರಳಿದ್ದು ಹೀಗೆಯೇ. ಟಿಕೆಟ್ ಕೇಳುವಾಗ ‘ಮೊರೊ’ ಎನ್ನದೆ ‘ಮೊಹು’ ಎನ್ನಿ, ಅವರು ಜೋಡಿ ರಕಾರವನ್ನು ಹಕಾರದಂತೆ ಉಚ್ಚರಿಸುತ್ತಾರೆ.

ದಕ್ಕೆಯಲ್ಲಿ ಇಳಿದ ಕೂಡಲೇ ಪ್ರವಾಸಿ ಶುಲ್ಕ ಕಟ್ಟಬೇಕು. ಊರೊಳಗೆ ಕಾರುಗಳಿಲ್ಲ, ‘ಟ್ಯಾಕ್ಸಿ’ ಎಂದು ಬಣ್ಣದಲ್ಲಿ ಬರೆದ ಕೈಗಾಡಿಗಳನ್ನು ತಳ್ಳುವವರು ಸಾಮಾನಿಗಾಗಿ ಮುತ್ತುತ್ತಾರೆ. ಎರಡನೆಯ ತೀರ ರಾತ್ರಿಯೆಲ್ಲ ಗದ್ದಲ, ಕಾರ್ನಿವಲ್ ಮುಗಿಸಿಕೊಂಡ ಜನ ಆ ವಾರಾಂತ್ಯದವರೆಗೂ ಅಲ್ಲಿ ತುಂಬಿರುತ್ತಾರೆ. ನಿದ್ದೆ ಬೇಕಾದರೆ ನಾಲ್ಕನೆಯ ತೀರದಲ್ಲೋ ಪಕ್ಕದ ಗಂಬೋವಾ ಹಳ್ಳಿಯಲ್ಲೋ ಕೋಣೆ ಹಿಡಿಯಿರಿ. ಗಂಬೋವಾಕ್ಕೆ ಇಳಿತದಲ್ಲಿ ತೀರದುದ್ದಕ್ಕೂ ನಡೆದು ಹೋಗಬಹುದು, ಭರತ ಏರಿದರೆ ದಾರಿ ನೀರೊಳಗೆ, ದೋಣಿಯೇ ಗತಿ.

ನಿಮ್ಮ ಮರಳುವ ವಿಮಾನ 17ರಂದು ಎಂದಾದರೆ 16ರ ರಾತ್ರಿ ಸಾಲ್ವಡೋರ್‌ನಲ್ಲೇ ಮಲಗಿ, ಕಡಲು ಕೆಟ್ಟರೆ ದೋಣಿ ಹೊರಡುವುದಿಲ್ಲ. ವೀಸಾ ಅರ್ಜಿಗೆ ನಾವು ಲಗತ್ತಿಸಿದ್ದ ಕಾಗದಗಳ ಪಟ್ಟಿ ನನ್ನಲ್ಲಿದೆ, ಬೇಕಿದ್ದರೆ ಇಲ್ಲಿಯೇ ಹಾಕುತ್ತೇನೆ.