ಹವಾಮಾನ ಬದಲಾವಣೆ ವಿಷಯದಲ್ಲಿ ಕೆಲಸ ಮಾಡೋ ಸಂಘಗಳಿಗೆ ತಾಲೂಕು ಮಟ್ಟದಲ್ಲಿ ಪ್ರಶಸ್ತಿ ಕೊಡ್ಬೇಕು ಅಂದ್ರೆ ಹೇಗೆ ಆರಿಸೋದು?

ಕೈಲಿ 50 ಸಾವಿರ ಇದೆ, ಅರ್ಜಿ ಕರೆಯೋಣ್ವಾ ಅಂತ ಕೇಳಿದೀರಿ. ಕರೀಬೇಡಿ. ನಾವು ಕರೆದು ಕೆಟ್ವಿ, ಅದಕ್ಕೆ ಹೇಳ್ತಿದೀನಿ.

ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಸಂಘದಿಂದ ಪರಿಸರ ದಿನಕ್ಕೆ ಅಂತ ಅರ್ಜಿ ಕರೆದ್ವಿ, ಹತ್ತೋ ಹನ್ನೊಂದೋ ಬಂತು, ಅದ್ರಲ್ಲಿ ಒಂದು ಕಲರ್ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡ್ಸಿದ ಫೈಲು, ಐದು ಸಾವಿರ ಸಸಿ ನೆಟ್ಟಿದೀವಿ ಅಂತ, ಪುಟ ತಿರುಗಿಸಿದ್ರೆ ಬರೀ ಫೋಟೋ. ಅವ್ರಿಗೇ ಕೊಟ್ವಿ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಯ್ತು. ಮುಂದಿನ ಏಪ್ರಿಲ್‌ನಲ್ಲಿ ಆ ರಸ್ತೇಲಿ ಗಾಡಿ ಮೇಲೆ ಹೋಗ್ತಾ ನೋಡ್ತೀನಿ, ಗುಂಡಿ ಇದೆ, ಸುತ್ತ ಹಾಕಿದ್ದ ಮುಳ್ಳೂ ಅಲ್ಲಲ್ಲಿ ಇದೆ, ಗಿಡ ಇಲ್ಲ. ಅವ್ರೇನೂ ಸುಳ್ಳು ಹೇಳಿರ್ಲಿಲ್ಲ ಬಿಡಿ, ನೆಟ್ಟಿದ್ದು ನಿಜವೇ. ಎಷ್ಟು ನೆಟ್ರಿ ಅಂತ ಕೇಳಿದೋರು ನಾವು, ನೀರು ಯಾರು ಹಾಕ್ತಾರೆ ಅನ್ನೋದಕ್ಕೆ ನಮ್ಮ ಫಾರಂನಲ್ಲಿ ಜಾಗವೇ ಇರ್ಲಿಲ್ಲ.

ಇನ್ನೊಂದು, ಹವಾಮಾನ ಅಂದ್ರೆ ಸಸಿ ಅಂತಷ್ಟೇ ಅಂದ್ಕೋಬೇಡಿ. ಕೋಲಾರದ ಎಸ್‌ಕೆಜಿ ಸಂಘಕ್ಕೆ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ (ಹೊಗೆ-ಮಾಲಿನ್ಯ ಇಲ್ಲದ ಇಂಧನದ ಕೆಲಸಕ್ಕೆ ಕೊಡೋದು) ಬಂದಿದ್ದು ಗೋಬರ್ ಗ್ಯಾಸಿಗೆ. ಮನೆ ಹಿಂದೆ ನೆಲದೊಳಗೆ ಒಂದು ಗುಮ್ಮಟ, ಅದಕ್ಕೆ ಸಗಣಿ ಕದಡಿ ಬಿಡೋದು, ಗ್ಯಾಸು ಒಲೆಗೆ, ಹೊರಗೆ ಬರೋ ಬಗ್ಗಡ ಎರೆಹುಳು ಗೊಬ್ಬರದ ತೊಟ್ಟಿಗೆ, ಹೆಂಗಸ್ರು ಆ ಗೊಬ್ಬರ ಮಾರಿ ಕಾಸು ಮಾಡ್ಕೋಬೋದು. ಸೌದೆ ಉಳೀತು, ಹೊಗೆ ತಪ್ತು, ಹೊಲಕ್ಕೆ ಗೊಬ್ಬರ ಆಯ್ತು. ವೇದಿಕೆ ಮೇಲೆ ತೋರಿಸೋಕೆ ಇದ್ರಲ್ಲಿ ಏನೂ ಇಲ್ಲ, ಸಗಣಿ ಗುಂಡಿ ಮುಂದೆ ಯಾರು ಫೋಟೋ ತೆಗೆಸ್ಕೋತಾರೆ!

ಆದ್ರೆ ಇಲ್ಲೂ ಎಷ್ಟು ಪ್ಲಾಂಟ್ ಕಟ್ಟಿದ್ರಿ ಅಂತ ಎಣಿಸಿದ್ರೆ ಮತ್ತೆ ಅದೇ ಸಸಿ ಕಥೆ. ದಿನಕ್ಕೆ ಎರಡು ಘನಮೀಟರ್ ಗ್ಯಾಸ್ ಕೊಡೋ ಪ್ಲಾಂಟಿಗೆ ದಿನಾ ಹೆಚ್ಚುಕಮ್ಮಿ 50 ಕೆಜಿ ಸಗಣಿ ಬೇಕು, ಹಸು ಮಾರಿಬಿಟ್ರೆ ಪ್ಲಾಂಟ್ ಮಲಗ್ತು. ಗುಮ್ಮಟ ಬಿರುಕು ಬಿಟ್ರಂತೂ ಇನ್ನೂ ಕೆಟ್ಟದ್ದು, ಯಾಕಂದ್ರೆ ಒಳಗಿರೋದು ಮೀಥೇನು, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತೆ, ಉರಿಸದೆ ಸೋರಕ್ಕೆ ಬಿಟ್ರೆ ಉಪಕಾರಕ್ಕಿಂತ ಅಪಕಾರವೇ. ಅದಕ್ಕೇ ಪಟ್ಟಿ ಈಸ್ಕೊಂಡು ಬರ್ಬೇಡಿ, ಕಟ್ಟಿ ಮೂರ್ನಾಲ್ಕು ವರ್ಷ ಆಗಿರೋ ಮನೆಗೆ ಹೇಳದೆ ಹೋಗಿ, ಅಮ್ಮಾ ಒಂದು ಕಾಫಿ ಅನ್ನಿ, ಯಾವ ಒಲೆ ಹಚ್ತಾರೆ ನೋಡಿ. ಆಶ್ಡೆನ್‌ನವ್ರೂ ಕೊನೇ ಸುತ್ತಿಗೆ ಬಂದೋರ ಜಾಗಕ್ಕೇ ಹೋಗಿ ನೋಡ್ತಿದ್ರು. (ಸೆಲ್ಕೋಗೂ 2005ರಲ್ಲಿ, ಆಮೇಲೆ 2007ರಲ್ಲಿ ಆ ಪ್ರಶಸ್ತಿ ಬಂದಿದೆ, ಆದ್ರೆ ಅದು ಸೋಲಾರ್ ಕಂಪನಿ. ಕಂಪನಿಗಳನ್ನ ಸೇರಿಸ್ತೀರೋ ಇಲ್ವೋ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ, ಆಮೇಲೆ ಜಗಳ ಬೇಡ.)

ಬಿಸಿ ಕಮ್ಮಿ ಮಾಡೋರು ಒಂದು ಕಡೆ, ಬರ-ನೆರೆ ತಡ್ಕೊಳ್ಳೋಕೆ ದಾರಿ ಮಾಡೋರು ಇನ್ನೊಂದು ಕಡೆ, ಈ ಎರಡ್ನೇ ಜನ ತಮ್ಮನ್ನ ಹವಾಮಾನದೋರು ಅಂತ ಕರ್ಕೊಳ್ಳೋದೇ ಇಲ್ಲ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ನೋಡಿ, ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಮಾಡ್ಕೊಂಡು 2011ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿ ಕೆರೆ ನೋಡ್ಕೊಳ್ಳೋಕೆ ಶುರು ಮಾಡಿದ್ರು. ಕೆರೆ ಕೆಲಸದಲ್ಲಿ ಖರ್ಚೆಲ್ಲಾ ಕಳೆ ಕೀಳೋದು, ಕಸ ಎತ್ತೋದು, ಕಾವಲಿನವ್ರ ಸಂಬಳ ಇಂಥದ್ದಕ್ಕೇ, ಇದಕ್ಕೆ ದುಡ್ಡು ಕೊಡೋ ದಾನಿಗಳು ಸಿಗೋದೇ ಕಷ್ಟ, ಬೆಂಚು ಹಾಕ್ಸಿ ಹೆಸ್ರು ಬರೆಸೋಕೆ ಮಾತ್ರ ಸಾಲು ನಿಲ್ತಾರೆ.

ಹಾಗಾಗಿ ಗೆದ್ದೋರು ನಿಮ್ಮ 50 ಸಾವಿರನ ಇದಕ್ಕೇ ಖರ್ಚು ಮಾಡ್ಬೇಕು, ಅದಕ್ಕೆ ಮಾಡ್ಬಾರ್ದು ಅಂತ ಷರತ್ತು ಹಾಕ್ಬೇಡಿ. ನೋಂದಣಿ ಪತ್ರ, ಆಡಿಟ್ ವರದಿ ಕೇಳಿದ್ರೆ ಸ್ತ್ರೀಶಕ್ತಿ ಸಂಘದೋರು ಬಾಗಿಲಲ್ಲೇ ವಾಪಸ್ ಹೋಗ್ತಾರೆ, ಅವ್ರ ಬ್ಯಾಂಕ್ ಪಾಸ್‌ಬುಕ್ಕು, ನಡಾವಳಿ ಪುಸ್ತಕ ಸಾಕು. ಯಾರ್ಯಾರು ಕೆಲಸ ಮಾಡ್ತಿದಾರೆ ಅಂತ ಹುಡುಕೋಕೆ ಹಾಲಿನ ಡೈರಿ ಸೆಕ್ರೆಟರಿ, ನೀರುಗಂಟಿ, ಆಶಾ ಕಾರ್ಯಕರ್ತೆ ಇವ್ರನ್ನ ಕೇಳಿ. ಹೋಗೋದು ಮೇ ತಿಂಗಳಲ್ಲಿ, ಮಳೆಗಾಲದಲ್ಲಿ ಹೋದ್ರೆ ಎಲ್ಲಾ ಊರೂ ಹಸಿರಾಗೇ ಕಾಣುತ್ತೆ.